ಹೊಸ ಸಂಪಾದಕಿಗೊಂದು ಪತ್ರ



ಸಂಶೋಧನಾ ತ್ರೈಮಾಸಿಕದ ಹೊಣೆ ಹೊತ್ತ ಕೂಡಲೇ ಫಜೀತಿಯೂ ಬಂತಲ್ಲ! ಒಂದೇ ಲೇಖನಕ್ಕೆ ಒಬ್ಬ ರೆಫರಿ ‘ಅವಶ್ಯ ಪ್ರಕಟಿಸಿ’ ಎಂದಿದ್ದಾರೆ, ಇನ್ನೊಬ್ಬರು ‘ಖಂಡಿತ ಬೇಡ’ ಎಂದಿದ್ದಾರೆ. ಮೂರನೆಯವರಿಗೆ ಕಳಿಸಲೇ ಎಂದು ಕೇಳಿದ್ದೀಯ. ಬೇಕಿದ್ದರೆ ಕಳಿಸು, ಆದರೆ ವೋಟು ಎಣಿಸುವುದಕ್ಕಲ್ಲ. ರೆಫರಿ ಕೊಡುವುದು ಸಲಹೆ. ತೀರ್ಮಾನ ನಿನ್ನದು, ಆಮೇಲಿನ ಬೈಗುಳವೂ ನಿನ್ನದೇ. ಮೊದಲು ಲೇಖನವನ್ನು ನೀನೇ ಕೂತು ಓದು. ಓದದೆ ವರದಿಗಳನ್ನು ಅತ್ತಿಂದಿತ್ತ ದಾಟಿಸುವುದಷ್ಟೇ ಕೆಲಸವಾದರೆ ಅದಕ್ಕೆ ಸಂಪಾದಕರೇಕೆ, ಅಂಚೆಯಣ್ಣ ಸಾಕು.

ದೊಡ್ಡ ಹೆಸರಿನವರ ಲೇಖನವನ್ನು ರೆಫರಿಗೆ ಕಳಿಸುವುದೇ ಅಪಚಾರ ಎಂಬ ಸಂಕೋಚ ನಮ್ಮಲ್ಲಿ ಬಹಳ. ‘ಫಿಸಿಕಲ್ ರಿವ್ಯೂ’ ಪತ್ರಿಕೆಯ ಸಂಪಾದಕ ಜಾನ್ ಟೇಟ್ ಅವರ ಮೇಜಿಗೆ 1936ರಲ್ಲಿ ಬಂದದ್ದು ಸಾಕ್ಷಾತ್ ಐನ್‌ಸ್ಟೈನರ ಲೇಖನ. ನಾಥನ್ ರೋಸೆನ್ ಜೊತೆ ಬರೆದದ್ದು; ಗುರುತ್ವ ಅಲೆಗಳು ಇಲ್ಲ ಎಂಬುದು ಅದರ ವಾದ. ಟೇಟ್ ಅದನ್ನೂ ರೆಫರಿಗೆ ಕಳಿಸಿದರು. ದೀರ್ಘವಾದ ಆಕ್ಷೇಪದ ವರದಿ ಬಂತು. ಅಚ್ಚಾಗುವ ಮೊದಲು ಬೇರೆಯವರಿಗೆ ತೋರಿಸಲು ನಿಮಗೆ ಅನುಮತಿ ಕೊಟ್ಟವರಾರು ಎಂದು ಸಿಟ್ಟಾದ ಐನ್‌ಸ್ಟೈನ್ ಲೇಖನವನ್ನೇ ವಾಪಸ್ ಪಡೆದರು. ಮುಂದೆ ಆ ಪತ್ರಿಕೆಗೆ ಸಂಶೋಧನಾ ಲೇಖನ ಕೊಡಲೇ ಇಲ್ಲ. ಆದರೆ 1937ರಲ್ಲಿ ಆ ವಾಪಸ್ ಪಡೆದ ಲೇಖನ ಬೇರೊಂದು ಪತ್ರಿಕೆಯಲ್ಲಿ ಅಚ್ಚಾದಾಗ ತೀರ್ಮಾನ ತಿರುವುಮುರುವಾಗಿತ್ತು. ಆ ರೆಫರಿ ಎಚ್. ಪಿ. ರಾಬರ್ಟ್‌ಸನ್ ಎಂಬುದು ಹೊರಬಿದ್ದದ್ದು ದಶಕಗಳ ನಂತರ. ಟೇಟ್ ಒಬ್ಬ ಲೇಖಕರನ್ನು ಕಳೆದುಕೊಂಡರು, ನಿಜ. ನೀನೂ ಕೆಲವರನ್ನು ಕಳೆದುಕೊಳ್ಳುವೆ. ಮದುವೆಮನೆಯಲ್ಲಿ ಎದುರಾದರೆ ಮುಖ ತಿರುಗಿಸುವವರೂ ಇರುತ್ತಾರೆ.

ಕನ್ನಡ ಸಂಶೋಧನೆಯ ಲೋಕ ಇನ್ನೂ ಇಕ್ಕಟ್ಟು. ಹಳಗನ್ನಡ ಛಂದಸ್ಸು, ಶಾಸನ, ಗ್ರಂಥಸಂಪಾದನೆ ಬಲ್ಲವರು ಬೆರಳೆಣಿಕೆಯಷ್ಟು. ಹೆಸರು ಮರೆಮಾಚಿ ಕಳಿಸಿದರೂ ಎರಡನೆಯ ಪುಟಕ್ಕೆಲ್ಲ ಇದು ಯಾರ ಗರಡಿಯದು ಎಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಲೇಖಕರ ಗೈಡ್ ಯಾರು, ಯಾರೊಂದಿಗೆ ಹಳೆಯ ವೈಷಮ್ಯವಿದೆ ಎಂಬ ಊರ ಸುದ್ದಿಯೂ ನಿನಗೆ ಗೊತ್ತಿರಬೇಕು. ಇದನ್ನು ಹರಟೆ ಎಂದುಕೊಳ್ಳಬೇಡ, ರೆಫರಿಯನ್ನು ಆರಿಸುವಾಗ ಬೇಕಾಗುತ್ತದೆ. ವರದಿಯಲ್ಲಿ ಕೊಂಕು, ಹೀಯಾಳಿಕೆ ಕಂಡರೆ ಗುಟ್ಟಾಗಿ ಹೊಡೆದುಹಾಕಬೇಡ. ಬರೆದವರಿಗೇ ಹಿಂದಿರುಗಿಸಿ ತಿದ್ದಿಸು. ಬೇಡವಾದ ಲೇಖನವನ್ನು ಬೇಡ ಎಂದು ಬೇಗ ಹೇಳು, ಕಾರಣ ಸಮೇತ. ವರ್ಷಗಟ್ಟಲೆ ಉತ್ತರವಿಲ್ಲದೆ ಕಾಯಿಸುವುದು ಹೊಸಬರ ಪಾಲಿಗೆ ತಿರಸ್ಕಾರಕ್ಕಿಂತ ಕ್ರೂರ. ನಿನ್ನದೇ ಲೇಖನ ನಿನ್ನ ಪತ್ರಿಕೆಯಲ್ಲಿ ಬರಬೇಕೆಂದಿದ್ದರೆ ಅದರ ಕಡತ ಬೇರೆಯವರ ಕೈಯಲ್ಲಿರಲಿ, ನೀನು ಇಣುಕಕೂಡದು.

ಶಾಸನತಜ್ಞರಾದ ಬಿ. ಎಲ್. ರೈಸ್ ಮತ್ತು ಜೆ. ಎಫ್. ಫ್ಲೀಟ್ ಅವರ ಜಗಳ ನಿನಗೆ ಗೊತ್ತೇ ಇದೆ. ರೈಸ್ ನಂಬಿದ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳು, ಅಂದರೆ ಖೋಟಾ, ಎಂದು ತಳ್ಳಿಹಾಕಿದರು. ಫ್ಲೀಟ್ ‘ಇಂಡಿಯನ್ ಆಂಟಿಕ್ವರಿ’ಯ ಸಂಪಾದಕರೂ ಆಗಿದ್ದವರು. ಇಂದು ಕೂತು ಇಬ್ಬರ ವಾದವನ್ನೂ ನಾವು ತೂಗಬಲ್ಲೆವಾದರೆ ಅದಕ್ಕೆ ಕಾರಣ, ಶಾಸನಪಾಠವೂ ಆಕ್ಷೇಪವೂ ಅಚ್ಚಿನಲ್ಲಿ ಉಳಿದಿರುವುದು. ಆದ್ದರಿಂದ ‘ಒಂದು ಅಪ್ರಕಟಿತ ತಾಳೆಗರಿಯ ಪ್ರಕಾರ’ ಎಂದು ಯಾರಾದರೂ ಬರೆದರೆ ಬಿಡಬೇಡ. ಗರಿ ಎಲ್ಲಿದೆ, ಯಾರ ಬಳಿ ಇದೆ, ಆ ಪುಟದ ಫೋಟೊ ಎಲ್ಲಿ ಎಂದು ಕೇಳು. ನಿನಗೆ ಒಪ್ಪಿಗೆಯಾಗದ ತೀರ್ಮಾನವಾದರೂ ಆಧಾರ ಗಟ್ಟಿಯಿದ್ದರೆ ಹಾಕು.

ಫೋನ್‌ಗಳೂ ಬರುತ್ತವೆ: ‘ಮೇಡಂ, ಪ್ರಮೋಷನ್ನಿಗೆ ಒಂದು ಪಬ್ಲಿಕೇಶನ್ ಬೇಕಿತ್ತು.’ ಇಂಥ ಒತ್ತಡದ ನೆಪಗಳು ಈಗ ಒಂದಿಷ್ಟು ಕಡಿಮೆಯಾಗಿವೆ: 2022ರ ನಿಯಮಾವಳಿಯಲ್ಲಿ ಯುಜಿಸಿ ಪಿಎಚ್‌.ಡಿ.ಗೆ ಲೇಖನ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿತು. 2025ರಲ್ಲಿ ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನೂ ನಿಲ್ಲಿಸಿತು. ‘ನಮ್ಮದು ಪಟ್ಟಿಯಲ್ಲಿದೆ’ ಎಂಬ ಜಂಬ ಇನ್ನು ನಡೆಯದು. ಒಳ್ಳೆಯದೇ ಆಯಿತು ಎನ್ನುತ್ತೇನೆ ನಾನು, ಆ ಪಟ್ಟಿಯ ನೆರಳಿನಲ್ಲಿ ದುಡ್ಡು ಎಣಿಸಿಕೊಂಡವರು ಕಡಿಮೆಯೇನಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ತಪ್ಪು ನುಸುಳುತ್ತದೆ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 1998ರಲ್ಲಿ ಹನ್ನೆರಡು ಮಕ್ಕಳನ್ನು ಆಧರಿಸಿ, ದಡಾರ ಮೊದಲಾದವನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇರಬಹುದೆಂದು ಶಂಕಿಸಿದ ಲೇಖನವನ್ನು ಪ್ರಕಟಿಸಿತು. ಪೂರ್ತಿಯಾಗಿ ಹಿಂದಕ್ಕೆ ಪಡೆದದ್ದು 2010ರಲ್ಲಿ. ಅಷ್ಟರೊಳಗೆ ಲಸಿಕೆಯ ಭಯ ಮನೆಮನೆಗೂ ಹೊಕ್ಕಿತ್ತು. ನಮ್ಮ ಪತ್ರಿಕೆಯ ತಪ್ಪಿನಿಂದ ಯಾರ ಮಗುವಿಗೂ ದಡಾರ ಬರಲಿಕ್ಕಿಲ್ಲ, ಆದರೆ ತಪ್ಪು ಕಾಲನಿರ್ಣಯ ಒಮ್ಮೆ ಅಚ್ಚಾದರೆ ಪಠ್ಯಪುಸ್ತಕಕ್ಕೂ ಇಳಿಯುತ್ತದೆ. ಆಕ್ಷೇಪದ ಪತ್ರ ಬಂದರೆ ಲೇಖಕರಿಗೆ ಕಳಿಸಿ ಉತ್ತರ ತರಿಸು. ಆಕ್ಷೇಪ ನಿಜವಾದರೆ ಮುಂದಿನ ಸಂಚಿಕೆಯಲ್ಲೇ ತಿದ್ದುಪಡಿ ಹಾಕು. ಮೂಲೆಯಲ್ಲಲ್ಲ, ವಿಷಯಸೂಚಿಯಲ್ಲಿ ಕಾಣುವ ಹಾಗೆ. ಪಿಡಿಎಫ್ ಅನ್ನು ಮಾತ್ರ ಸದ್ದಿಲ್ಲದೆ ಬದಲಾಯಿಸಬೇಡ. ಹಳೆಯದೂ ಇರಲಿ, ಅದರ ನೆತ್ತಿಯ ಮೇಲೆ ತಿದ್ದಿದ ತಾರೀಖು ಬರೆ.

ಇಂತಿ,
ನಿನ್ನ ಹಳೆಯ ಮೇಷ್ಟ್ರು