ಹಿತ್ತಲಲ್ಲಿ ಗೋಲ್ಡನ್‌ರಾಡ್: ಗೆಲ್ಲುವ ಸೂತ್ರಗಳು

ಅಮೆರಿಕದಲ್ಲಿ ಮನೆ ಮಾಡಿದ ಕನ್ನಡಿಗರ ಹಿತ್ತಲಲ್ಲಿ ಚೆಂಡುಹೂ, ಸೇವಂತಿಗೆ ಇದ್ದೇ ಇರುತ್ತವೆ. ಸೇವಂತಿಗೆಯ ಕುಟುಂಬಕ್ಕೇ ಸೇರಿದ, ಆ ನೆಲದಲ್ಲೇ ಹುಟ್ಟಿ ಬೆಳೆದ ಗೋಲ್ಡನ್‌ರಾಡ್‌ಗೂ ಒಂದು ಪಾತಿ ಬಿಟ್ಟುಕೊಡಿ. ಗೌರಿ ಹಬ್ಬದ ಹೊತ್ತಿಗೆ ಅರಳತೊಡಗಿ ದಸರೆಯವರೆಗೂ ಅರಿಶಿನ ಬಣ್ಣ ಚೆಲ್ಲುವ ಗಿಡವಿದು.

1. ಮೊದಲು ಅದರ ಮೇಲಿನ ಅಪವಾದ ಕಳೆಯಿರಿ. ಶರತ್ಕಾಲದ ಸೀನಿಗೂ ಕಣ್ಣುರಿಗೂ ಜನ ದೂರುವುದು ಈ ಗಿಡವನ್ನೇ. ನಿಜವಾದ ಅಪರಾಧಿ ರ‍್ಯಾಗ್‌ವೀಡ್, ನಮ್ಮ ಪಾರ್ಥೇನಿಯಂನ ಹತ್ತಿರದ ಬಂಧು. ಅದೂ ಇದೇ ತಿಂಗಳುಗಳಲ್ಲಿ ಹೂಬಿಡುತ್ತದೆ. ಆದರೆ ಹೂ ಹಸಿರಾದ್ದರಿಂದ ಯಾರ ಕಣ್ಣಿಗೂ ಬೀಳದೆ ಪರಾಗವನ್ನು ಗಾಳಿಗೆ ತೂರುತ್ತದೆ. ಗೋಲ್ಡನ್‌ರಾಡ್‌ನ ಪರಾಗ ಭಾರವಾದದ್ದು, ಅಂಟಂಟು. ಅದನ್ನು ಹೊತ್ತೊಯ್ಯುವುದು ಕೀಟಗಳು. ನೆರೆಯವರು ಹುಬ್ಬೇರಿಸಿದರೆ ಇಷ್ಟನ್ನು ತಿಳಿಸಿ.

2. ಜಾತಿ ನೋಡಿ ತನ್ನಿ. ಅರ್ಧ ಗೆಲುವು ಇಲ್ಲೇ. ಕೆನಡಾ ಗೋಲ್ಡನ್‌ರಾಡ್ ನೆಲದಡಿಯ ಬೇರುಕಾಂಡಗಳಿಂದ ಹಬ್ಬಿ ಇಡೀ ಪಾತಿಯನ್ನು ಆವರಿಸುತ್ತದೆ. ಬಯಲಿಗೆ ಸರಿ, ಸಣ್ಣ ಹಿತ್ತಲಿಗೆ ಬೇಡ. ಬಿಸಿಲಿರುವ ಜಾಗಕ್ಕೆ ಗುಂಪಾಗಿ ನಿಲ್ಲುವ ‘ಶೋಯಿ’ ಅಥವಾ ‘ಸ್ಟಿಫ್’, ಮರದ ನೆರಳಿಗೆ ‘ಬ್ಲೂಸ್ಟೆಮ್’, ಉಪ್ಪುಗಾಳಿಯ ಕಡಲತೀರಕ್ಕೆ ‘ಸೀಸೈಡ್’, ಒಣ ಮರಳು ನೆಲಕ್ಕೆ ಗಿಡ್ಡನೆಯ ‘ಗ್ರೇ’. ನರ್ಸರಿಯ ಚೀಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರಿಲ್ಲದಿದ್ದರೆ ಕೊಳ್ಳಬೇಡಿ. ನಿಮ್ಮ ರಾಜ್ಯದ ಕಾಡುಬಯಲಲ್ಲೇ ಬೆಳೆಯುವ ಜಾತಿ ಎಲ್ಲಕ್ಕಿಂತ ಮೇಲು.

3. ಗೊಬ್ಬರ ಹಾಕಬೇಡಿ. ಗುಲಾಬಿಗೆ ಉಣಿಸಿದ ಕೈಗೆ ಇದು ಕಷ್ಟ, ಬಲ್ಲೆ. ಆದರೆ ಕೊಬ್ಬಿದ ಮಣ್ಣಿನಲ್ಲಿ ಕಾಂಡ ಸೊರಗಿ ಉದ್ದವಾಗಿ, ಮೊದಲ ಮಳೆಗೇ ಮಲಗಿಬಿಡುತ್ತದೆ. ಬಡ ಮಣ್ಣೇ ಅದಕ್ಕೆ ಬಲ.

4. ಬೀಜಕ್ಕೆ ಚಳಿ ಬೇಕು. ನವೆಂಬರ್ ಹೊತ್ತಿಗೆ ಸಡಿಲಿಸಿದ ಮಣ್ಣಿನ ಮೇಲೆ ಚೆಲ್ಲಿ ಅಂಗೈಯಿಂದ ಮೆಲ್ಲಗೆ ಒತ್ತಿ. ಮೊಳೆಯಲು ಬೆಳಕೂ ಬೇಕಾದ್ದರಿಂದ ಮಣ್ಣು ಮುಚ್ಚಬೇಡಿ. ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ.

5. ಮೊದಲ ವರ್ಷ ಬೇರೂರುವವರೆಗೆ ಬುಡಕ್ಕೆ ನೀರು ಕೊಡಿ, ಎಲೆಗೆ ಬೇಡ. ಗಿಡಗಳ ನಡುವೆ ಗಾಳಿಯಾಡಿದರೆ ಬೂದಿರೋಗ ಕಡಿಮೆ.

6. ಎತ್ತರದ ಜಾತಿಯಾದರೆ ಜೂನ್ ಮೊದಲ ವಾರಗಳಲ್ಲಿ ತುದಿಯ ಮೂರನೇ ಒಂದು ಪಾಲು ಕತ್ತರಿಸಿ. ಹೂ ತುಸು ತಡವಾದರೂ ಗಿಡ ಪೊದೆಯಾಗಿ ನೆಟ್ಟಗೆ ನಿಲ್ಲುತ್ತದೆ. ಜುಲೈ ನಡುವಿನ ನಂತರ ಕತ್ತರಿ ಮುಟ್ಟಬೇಡಿ, ಮೊಗ್ಗೇ ಹೋದೀತು.

7. ಪಕ್ಕದಲ್ಲಿ ನೇರಳೆ ಬಣ್ಣದ ನ್ಯೂ ಇಂಗ್ಲೆಂಡ್ ಆಸ್ಟರ್ ನೆಡಿ. ಬಣ್ಣದ ಜೋಡಿ ಸೊಗಸು, ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮೆಕ್ಸಿಕೊದ ಬೆಟ್ಟಗಳತ್ತ ಹಾರುವ ಮೊನಾರ್ಕ್ ಚಿಟ್ಟೆಗಳು ದಾರಿಗೆ ಬೇಕಾದ ಕೊಬ್ಬನ್ನು ಕೂಡಿಸಿಕೊಳ್ಳುವುದು ಇಂಥ ಹೂಗಳ ಮಕರಂದದಿಂದಲೇ. ಮಿಕ್ಕ ಹೂಗಳು ಮುಗಿದ ಆ ಹೊತ್ತಿನಲ್ಲಿ ಜೇನುಗೂಡಿಗೂ ಚಳಿಗಾಲದ ಬುತ್ತಿ ಇವೇ. ಹೀಗಿರುವಾಗ ಈ ಪಾತಿಗೆ ಕೀಟನಾಶಕ ಸಿಂಪಡಿಸುವ ಮಾತೇ ಬೇಡ. ದೇವರಿಗೆ ಹೂ ಕೊಯ್ಯುವಾಗ ಗೊಂಚಲನ್ನು ಒಮ್ಮೆ ಮೆಲ್ಲಗೆ ಅಲ್ಲಾಡಿಸಿ, ದುಂಬಿ ಕೂತಿರಬಹುದು.

8. ಕಾಂಡದಲ್ಲಿ ಗೋಲಿಯಂಥ ಗಂಟು ಕಂಡರೆ ಗಾಬರಿ ಬೇಡ. ಒಳಗಿರುವುದು ಪುಟ್ಟ ನೊಣವೊಂದರ ಮರಿಹುಳು. ಅದರಿಂದ ಗಿಡ ಸಾಯುವುದಿಲ್ಲ. ಚಳಿಗಾಲದಲ್ಲಿ ಮರಕುಟಿಗ ಆ ಗಂಟನ್ನೇ ಕೊರೆದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

9. ಒಣಗಿದ ಕಾಂಡಗಳನ್ನು ವಸಂತದವರೆಗೆ ಹಾಗೇ ಬಿಡಿ. ಆಮೇಲೂ ಬುಡದಲ್ಲಿ ಒಂದಡಿಯಷ್ಟು ಉಳಿಸಿದರೆ, ಕಾಂಡದೊಳಗೆ ಗೂಡು ಕಟ್ಟುವ ಕಾಡುಜೇನುಗಳಿಗೆ ನೆಲೆ. ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ, ಗೆಳೆಯರಿಗೂ ಹಂಚಿ.

10. ಊರಿಗೆ ಹೊರಟಾಗ ಬೀಜ ಮಾತ್ರ ಕಟ್ಟಿಕೊಳ್ಳಬೇಡಿ. ತವರಿನಲ್ಲಿ ಸಾಧುವಾದ ಈ ಗಿಡ ಯುರೋಪಿನಲ್ಲೂ ಚೀನಾದಲ್ಲೂ ಹೊಲ, ಬಯಲು ನುಂಗುವ ಕಳೆಯಾಗಿದೆ. ಊರಿನವರು ಚಿಟ್ಟೆಗೆಂದು ಗಿಡ ಕೇಳಿದರೆ ತುಂಬೆ ಬೆಳೆಸಲು ಹೇಳಿ.