ಸಹಿಯಿಲ್ಲದ ನಿಸರ್ಗಚಿತ್ರಕ್ಕೆ ಬೆಲೆ ಕಟ್ಟುವ ಮುನ್ನ

ಬ್ರಿಟನ್ನಿನ ಹಳೆಯ ತೈಲಚಿತ್ರ: ಓಕ್ ಮರ, ಹೊಳೆ, ದೂರದಲ್ಲಿ ಚರ್ಚು. ಸಹಿ ಮಾತ್ರ ಇಲ್ಲ. ಬರೆದವರು ಯಾರೆಂಬ ಪ್ರಶ್ನೆ ಕಡೆಗಿರಲಿ.

1. ಮೊದಲು ಬೆನ್ನು ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಕ್ಯಾನ್ವಾಸ್ ಮಾರಿದ ಅಂಗಡಿಯ ಮೊಹರು ಹುಡುಕಿ. ವಿನ್ಸರ್ ಅಂಡ್ ನ್ಯೂಟನ್ ಶುರುವಾದದ್ದು 1832ರಲ್ಲಿ. ಅದರ ಮೊಹರಿರುವ ಕ್ಯಾನ್ವಾಸ್ ಅದಕ್ಕಿಂತ ಹಳೆಯದಾಗಲಾರದು. ಅಂಗಡಿಗಳು ವಿಳಾಸ ಬದಲಿಸುತ್ತಿದ್ದವು. ಯಾವುದು ಯಾವಾಗ ಎಲ್ಲಿತ್ತು ಎಂಬ ಪಟ್ಟಿಯನ್ನು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಪ್ರಕಟಿಸಿದೆ. ಆದರೆ ಹಳೆಯ ಬಟ್ಟೆಯ ಹಿಂದೆ ಹೊಸ ಬಟ್ಟೆ ಅಂಟಿಸಿದ್ದರೆ, ಮೊಹರು ಹೇಳುವುದು ಆ ರಿಪೇರಿಯ ಕಾಲವನ್ನು ಮಾತ್ರ.

2. ಮಸಿಯಚ್ಚಿನ ಅಂಕೆ, ಹರಿದ ಚೀಟಿ ಯಾವುದನ್ನೂ ಕೀಳಬೇಡಿ. ಅಚ್ಚಿನ ಅಂಕೆ ಕ್ರಿಸ್ಟೀಸ್ ಹರಾಜಿನದಾಗಿದ್ದರೆ ಅವರ ದಾಖಲೆಯಲ್ಲಿ ಹಳೆಯ ಮಾಲೀಕರ ಹೆಸರೇ ಸಿಗಬಹುದು.

3. ಬಣ್ಣವನ್ನೂ ಕೇಳಿ. ಟೈಟಾನಿಯಂ ಬಿಳಿ ಚಿತ್ರಕಾರರ ಕೈಗೆ ಬಂದದ್ದು 1920ರ ಆಸುಪಾಸಿನಲ್ಲಿ. ಆಕಾಶದ ತುಂಬ ಅದೇ ಇದ್ದರೆ 19ನೇ ಶತಮಾನದ ಮಾತು ಬಿಡಿ; ಒಂದು ಮೂಲೆಯಲ್ಲಷ್ಟೇ ಇದ್ದರೆ ಯಾರೋ ತೇಪೆ ಹಾಕಿದ್ದಾರೆ. ಅಲ್ಟ್ರಾವಯಲೆಟ್ ದೀಪ ಹಿಡಿದರೆ ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಹಾಕಿದ ತೇಪೆ ಕಪ್ಪಾಗಿ ಕಾಣುತ್ತದೆ.

4. ನೀವೇ ಒರೆಸಬೇಡಿ. ದಯವಿಟ್ಟು. ಒದ್ದೆ ಬಟ್ಟೆ, ಸೋಪು, ಆಲೂಗಡ್ಡೆ ಯಾವುದೂ ಬೇಡ. ಇದು ಪಳಗಿದ ಸಂರಕ್ಷಕರ ಕೆಲಸ. 2013ರಲ್ಲಿ ಇಂಗ್ಲೆಂಡಿನ ಹೆಸರಾಂತ ನಿಸರ್ಗಚಿತ್ರಕಾರ ಕಾನ್‌ಸ್ಟೇಬಲ್‌ನ ಅನುಯಾಯಿಯದೆಂದು ಕ್ರಿಸ್ಟೀಸ್‌ನಲ್ಲಿ 3,500 ಪೌಂಡಿಗೆ ಹೋದ ಸಾಲ್ಸ್‌ಬರಿ ಕೆಥೀಡ್ರಲ್ ಚಿತ್ರವೊಂದಿದೆ. ಮೇಲೆ ಬಳಿದಿದ್ದ ಗಾಢ ಬಣ್ಣ ತೆಗೆದ ಮೇಲೆ ಅದು ಕಾನ್‌ಸ್ಟೇಬಲ್‌ನದೇ ಎಂದಾಗಿ, 2015ರಲ್ಲಿ ನ್ಯೂಯಾರ್ಕಿನ ಹರಾಜು ಸಂಸ್ಥೆ ಸದಬೀಸ್‌ನಲ್ಲಿ 52 ಲಕ್ಷ ಡಾಲರಿಗೆ ಮಾರಾಟವಾಯಿತು. ಎಲ್ಲರೂ ಒಪ್ಪಿಲ್ಲವೆಂದು ಕ್ರಿಸ್ಟೀಸ್ ಆಗಲೂ ಹೇಳಿತು.

5. ಈಗ ಹೆಸರು. ದೊಡ್ಡ ಹೆಸರಿಗೆ ಜಿಗಿಯಬೇಡಿ. ಕಾನ್‌ಸ್ಟೇಬಲ್‌ನವೆಂದು ನಂಬಿದ್ದ ಹಲವು ಚಿತ್ರಗಳು ಅವನ ಮಗ ಲಯನಲ್‌ನವೆಂದು ಗೊತ್ತಾದವು. ಅಂಥದೇ ಊರು, ಅಂಥದೇ ಹೊಳೆ ಬರೆದ ನಾರ್ವಿಚ್ ಪಂಥದವರನ್ನೂ ವಿಕ್ಟೋರಿಯಾ ಕಾಲದ ವಿಲಿಯಮ್ಸ್ ಕುಟುಂಬದವರನ್ನೂ ಆರ್ಟ್ ಯುಕೆ ಜಾಲತಾಣದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಎಲೆಗಳಿಗೆ ಹೇಗೆ ಚುಕ್ಕಿಯಿಟ್ಟಿದ್ದಾರೆ, ನೀರಿನ ಅಂಚನ್ನು ಹೇಗೆ ಮುಗಿಸಿದ್ದಾರೆ ಎಂಬಲ್ಲಿ ಕೈ ಗುರುತು ಸಿಗುತ್ತದೆ.

6. ಹರಾಜು ಪಟ್ಟಿಯಲ್ಲಿ ಕಲಾವಿದನ ಹೆಸರಿನ ಜೊತೆ ಬರುವ ‘ಅವನದೆಂದು ನಂಬಲಾಗಿದೆ’, ‘ಅವನ ಬಳಗ’, ‘ಅವನ ಶೈಲಿ’ ಎಂಬವು ಬೇರೆ ಬೇರೆ ಮೆಟ್ಟಿಲು. ಒಂದೊಂದು ಮೆಟ್ಟಿಲಿಳಿದಂತೆ ಬೆಲೆಯೂ ಇಳಿಯುತ್ತದೆ.

7. ಹೋಲಿಸುವುದಾದರೆ ಅದೇ ಮೆಟ್ಟಿಲಿನ, ಅಷ್ಟೇ ಅಳತೆಯ ಚಿತ್ರಗಳು ನಿಜವಾಗಿ ಮಾರಾಟವಾದ ಬೆಲೆಗೆ ಹೋಲಿಸಿ. ಅಂಗಡಿಯವರು ಹೇಳುವ ಬೆಲೆ ಲೆಕ್ಕಕ್ಕಿಲ್ಲ.