ಸರ್ಟಿಫಿಕೇಟ್ ತಾನಾಗೇ ರಿನ್ಯೂ ಆಗುತ್ತೆ, ನಿಜ. ಆದರೆ ಆಯ್ತಾ ಅಂತ ನೋಡೋದ್ಯಾರು?

ಹಾಗಲವಾಡಿಯ ಓದುಗರೊಬ್ಬರು ಮೊಬೈಲಲ್ಲಿ ನಮ್ಮ ಸೈಟ್ ತೆರೆದಾಗ ‘ಸುರಕ್ಷಿತವಲ್ಲ’ ಅಂತ ಬಂದರೆ ಎರಡರಲ್ಲೊಂದು ಆಗುತ್ತೆ: ಅವರು ವಾಪಸ್ ಹೋಗ್ತಾರೆ, ಇಲ್ಲವೇ ಎಚ್ಚರಿಕೆ ಕಡೆಗಣಿಸೋದನ್ನ ಕಲೀತಾರೆ. ಎರಡನೆಯದೇ ಹೆಚ್ಚು ಅಪಾಯ. ನಾಳೆ ನಕಲಿ ಬ್ಯಾಂಕ್ ಸೈಟಲ್ಲೂ ಹಾಗೇ ಮುಂದೆ ಒತ್ತುತ್ತಾರೆ.

ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಉಚಿತ. 90 ದಿನದ ಅವಧಿಯನ್ನು 2028ರೊಳಗೆ 45 ದಿನಕ್ಕೆ ಇಳಿಸೋದಾಗಿ ಅವರು ಘೋಷಿಸಿದ್ದಾರೆ. ಅವಧಿ ಮುಗಿಯೋ ಮುನ್ನ ಬರ್ತಿದ್ದ ಈಮೇಲ್ 2025ರ ಜೂನ್‌ನಲ್ಲೇ ನಿಂತಿದೆ. ಇನ್ನು ನಾವೇ ನೋಡ್ಕೋಬೇಕು.

ಸರ್ಟ್‌ಬಾಟ್ ಹಾಕಿದ ತಕ್ಷಣ ‘ರಿನ್ಯೂ’ ಕಮಾಂಡನ್ನು ‘ಡ್ರೈ-ರನ್’ ಆಯ್ಕೆ ಜೊತೆ ಓಡಿಸೋಣ. ಇದು ಬರೀ ರಿಹರ್ಸಲ್, ಅಸಲಿ ಸರ್ಟಿಫಿಕೇಟ್ ಬದಲಾಗಲ್ಲ. ಫೇಲ್ ಆದರೆ ಮೊದಲೆರಡು ನೋಡೋಣ. ಪಾಸಾದರೂ ಮೂರನೆಯದನ್ನ ಮರೆಯೋದು ಬೇಡ.

1. ಡಿಎನ್‌ಎಸ್: ಡೊಮೇನ್ ಹೆಸರು ನಮ್ಮ ಸರ್ವರ್‌ನ ಐಪಿಗೇ ಹೋಗ್ತಿದೆಯಾ? ಹಳೇ ಐಪಿವಿ6 ವಿಳಾಸ ಉಳಿದಿದೆಯಾ?

2. ಪೋರ್ಟ್ 80: ಎಚ್‌ಟಿಟಿಪಿ-01 ಪರಿಶೀಲನೆ ಶುರುವಾಗೋದೇ ಇಲ್ಲಿಂದ. 443 ಮಾತ್ರ ತೆರೆದಿದ್ದರೆ ಸಾಲದು. ಕ್ಯಾಂಪಸ್ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ.

3. ರೀಲೋಡ್: ಡಿಸ್ಕಲ್ಲಿ ಹೊಸ ಸರ್ಟಿಫಿಕೇಟ್, ಬ್ರೌಸರಲ್ಲಿ ಹಳೇದು ಕಂಡರೆ ವೆಬ್ ಸರ್ವರ್ ರೀಲೋಡ್ ಆಗಿಲ್ಲ ಅಂತ. ಡಿಪ್ಲಾಯ್ ಹುಕ್‌ನಲ್ಲಿ ರೀಲೋಡ್ ಕಮಾಂಡ್ ಸೇರಿಸಿ.

ಸರಿಯಾಗೋವರೆಗೂ ಅಸಲಿ ಕಮಾಂಡನ್ನೇ ಪದೇ ಪದೇ ಒತ್ತಬೇಡಿ. ಒಂದು ಹೆಸರಿಗೆ ಗಂಟೆಗೆ 5 ವಿಫಲ ಪ್ರಯತ್ನಗಳಷ್ಟೇ ಮಿತಿ.

ಕೊನೆಗೆ, ಬ್ರೌಸರಲ್ಲಿ ಸರ್ಟಿಫಿಕೇಟ್ ತೆರೆದು ಮುಗಿಯೋ ದಿನಾಂಕ ನೋಡಿ. ತಿಂಗಳಿಗೊಮ್ಮೆ ನೋಡೋ ಕೆಲಸವನ್ನ ಕ್ಲಬ್‌ನಲ್ಲಿ ಒಬ್ಬರಿಗೆ ವಹಿಸೋಣ.